ಹಟವೂ ಒಂದು ಮಾತೇ

೨೦೨೩ರ ನವೆಂಬರ್ ತಿಂಗಳ ಒಂದು ಭಾನುವಾರ. ನಮ್ಮ ಸಂಘದ ರಾಜ್ಯೋತ್ಸವ. ಸಭಾಂಗಣ ತುಂಬಿತ್ತು. ಪ್ರಾರ್ಥನೆಯಾಯಿತು, ಸ್ವಾಗತ ಭಾಷಣವಾಯಿತು. ಅಧ್ಯಕ್ಷರು ಎದ್ದುನಿಂತು ಧ್ವನಿವರ್ಧಕವನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಅದು ಕರ್ಕಶವಾಗಿ ಒಮ್ಮೆ ಕಿರುಚಿತು. ಆ ಕ್ಷಣವೇ ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದ ಹದಿಮೂರು ಹದಿನಾಲ್ಕು ವರ್ಷದ ಹುಡುಗನೊಬ್ಬ ಕಿವಿ ಮುಚ್ಚಿಕೊಂಡು ಕೂಗಲಾರಂಭಿಸಿದ. ತಾಯಿ ಕೈ ಹಿಡಿದರೆ ಕೊಸರಿಕೊಂಡ. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡ. ಮುಂದಿನ ಕುರ್ಚಿಯನ್ನು ಒದ್ದ. ಸಭೆಯೆಲ್ಲ ಹಿಂದಿರುಗಿ ನೋಡಿತು. “ಎರಡು ಬಿಗಿದರೆ ಸರಿಹೋಗುತ್ತಾನೆ” ಎಂದರು ಒಬ್ಬರು, ತಾಯಿಗೆ ಕೇಳಿಸುವಂತೆಯೇ. “ಇಂಥವನನ್ನು ಸಭೆಗೇಕೆ ಕರೆತರಬೇಕು?” ಎಂದರು ಇನ್ನೊಬ್ಬರು. ತಂದೆತಾಯಿಯರು ಮಗನನ್ನು ಎರಡು ಕಡೆಯಿಂದ ಹಿಡಿದುಕೊಂಡು ಹೊರಗೆ ಹೋದರು. ಆಮೇಲೆ ಆ ಕುಟುಂಬ ಯುಗಾದಿಗೆ ಬರಲಿಲ್ಲ; ನವರಾತ್ರಿಯ ಗೊಂಬೆ ಕೂರಿಸಿದಾಗಲೂ ಬರಲಿಲ್ಲ.

ಆ ಮಾತುಗಳನ್ನು ಆಡಿದವರಲ್ಲಿ ನಾವಿರಲಿಲ್ಲ. ಆದರೆ ಹಿಂದಿರುಗಿ ನೋಡಿದವರಲ್ಲಿ ನಾವೂ ಇದ್ದೆವು. ಎದ್ದುಹೋಗಿ ಅವರಿಗೆ ಬಾಗಿಲು ತೆರೆದುಕೊಟ್ಟವರಲ್ಲಿ ಇರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಸುಮಾರು ಒಂದು ವರ್ಷದ ಬಳಿಕ ಪತ್ರಿಕೆಯ ಕೆಲಸದ ಮೇಲೆ ಅವರ ಮನೆಗೆ ಹೋಗುವ ಸಂದರ್ಭ ಒದಗಿತು. ಸಂಕೋಚದಿಂದಲೇ ಹೋದೆವು. ಬಾಗಿಲು ತೆರೆದವನು ಆ ಹುಡುಗನೇ. ನಮ್ಮನ್ನೊಮ್ಮೆ ನೋಡಿದ, ನೇರವಾಗಿ ಗೋಡೆಯ ಬಳಿಗೆ ಹೋದ. ಅಲ್ಲಿ ಐದಾರು ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು: ಸ್ನಾನ, ತಿಂಡಿ, ಶಾಲೆ, ಅತಿಥಿಗಳು, ಊಟ, ನಿದ್ರೆ. ಅತಿಥಿಗಳ ಚಿತ್ರವನ್ನು ಬೆರಳಿನಿಂದ ಮುಟ್ಟಿ ತಾಯಿಯ ಮುಖ ನೋಡಿದ. “ನೀವು ಬರುವಿರೆಂದು ಬೆಳಗ್ಗೆಯೇ ಹಾಕಿಟ್ಟಿದ್ದೆ ರಾಯರೇ, ಮೊದಲೇ ಗೊತ್ತಿದ್ದರೆ ಅವನಿಗೆ ತೊಂದರೆಯಿಲ್ಲ” ಎಂದರು ಆಕೆ. ಅರ್ಧ ಗಂಟೆ ನಮ್ಮೊಡನೆಯೇ ಕುಳಿತಿದ್ದ. ಆಮೇಲೆ ಜೇಬಿನಿಂದ ಒಂದು ರಟ್ಟಿನ ಚೀಟಿ ತೆಗೆದು ನಮ್ಮ ಕೈಗಿತ್ತು ಒಳಗೆ ಹೋದ. ಅದರಲ್ಲಿ ಎತ್ತಿ ಹಿಡಿದ ಅಂಗೈಯ ಚಿತ್ರವಿತ್ತು. ತಾಯಿ ನಕ್ಕರು: “ನಿಮ್ಮ ಮಾತು ಅವನಿಗೆ ಸಾಕಾಯಿತಂತೆ!”

ಸಭೆಯಲ್ಲಿ ಕುರ್ಚಿ ಒದ್ದ ಹುಡುಗನೂ ಈ ಚೀಟಿ ಕೊಟ್ಟ ಹುಡುಗನೂ ಒಬ್ಬನೇ. ನಡುವೆ ನಡೆದದ್ದೇನು? ಏಟೂ ಅಲ್ಲ, ಮಂತ್ರವೂ ಅಲ್ಲ. ಹುಡುಗನ ನಡವಳಿಕೆಯಲ್ಲಿ ಏನೋ ಮಾತು ಅಡಗಿದೆಯೆಂದು ನಂಬಿ, ಅದನ್ನು ಓದುವುದಕ್ಕೆ ಮನೆಯವರೂ ಶಾಲೆಯವರೂ ಕೂಡಿ ಕುಳಿತರು. ಇದಕ್ಕೆ ಇಂಗ್ಲಿಷಿನಲ್ಲಿ ‘ಪಾಸಿಟಿವ್ ಬಿಹೇವಿಯರ್ ಸಪೋರ್ಟ್’ ಎಂಬ ಹೆಸರಿದೆ. ‘ಒಳ್ಳೆಯ ನಡವಳಿಕೆಗೆ ಆಸರೆ’ ಎಂದು ನಾವು ಕರೆಯೋಣ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದ ಕಾರಣಗಳಿಂದ ಮಾತು ಬಾರದವರ, ಇಲ್ಲವೆ ಬಂದರೂ ಬೇಕಾದಾಗ ಒದಗದವರ ವಿಷಯದಲ್ಲಿ ಇದು ಮುಖ್ಯವಾಗಿ ಉಪಯೋಗಕ್ಕೆ ಬರುತ್ತದೆ.

ಇದರ ತತ್ತ್ವ ಸರಳವಾದುದು. ಮಗು ಅತ್ತರೆ ತಾನೆ ತಾಯಿ ಹಾಲು ಕೊಡುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತು ಬಾರದ ಕೂಸಿಗೆ ಅಳುವೇ ಮಾತು. ಕೂಸು ಬೆಳೆದು ಹುಡುಗನಾದ ಮೇಲೂ ಮಾತು ಬಾರದಿದ್ದರೆ? ಆಗ ಕೂಗು, ಹೊಡೆತ, ಕಚ್ಚುವಿಕೆ, ತಲೆ ಚಚ್ಚಿಕೊಳ್ಳುವಿಕೆ ಇವೇ ಅವನ ಮಾತಾಗುತ್ತವೆ. ಸಾಮಾನ್ಯವಾಗಿ ಅವನು ಹೇಳುವುದು ನಾಲ್ಕು ಸಂಗತಿಗಳಲ್ಲಿ ಒಂದನ್ನು: ‘ನನ್ನ ಕಡೆ ನೋಡಿ’, ‘ಅದು ನನಗೆ ಬೇಕು’, ‘ಇದು ನನ್ನಿಂದಾಗದು, ಬಿಡಿಸಿ’, ‘ಹೀಗೆ ಮಾಡಿದರೆ ನನ್ನ ಮೈಗೆ ಹಾಯೆನಿಸುತ್ತದೆ’. ಇವುಗಳೊಂದಿಗೆ ಐದನೆಯದೂ ಒಂದುಂಟು. ಅದನ್ನೇ ಎಲ್ಲಕ್ಕೂ ಮೊದಲು ನೋಡಬೇಕು: ‘ನನಗೆ ನೋವಾಗುತ್ತಿದೆ’.

ನಾವು ಕಂಡ ಮನೆಯಲ್ಲಿ ಈ ಐದನೆಯದರಿಂದಲೇ ಆರಂಭವಾಯಿತು. ಹುಡುಗ ಸಂಜೆಯ ಹೊತ್ತು ಕೆನ್ನೆಯನ್ನು ಗುದ್ದಿಕೊಳ್ಳುತ್ತಿದ್ದ. ಎಲ್ಲರೂ ಹಟವೆಂದರು. ದಂತವೈದ್ಯರಿಗೆ ತೋರಿಸಿದಾಗ ದವಡೆಯ ಹಲ್ಲು ಹುಳುಕಾಗಿತ್ತು. ಹಲ್ಲು ತೆಗೆದ ವಾರದಲ್ಲಿ ಗುದ್ದಿಕೊಳ್ಳುವುದು ನಿಂತಿತು. ಹಲ್ಲುನೋವು, ಕಿವಿಸೋರು, ಮಲಬದ್ಧತೆ, ನಿದ್ರೆಗೇಡು, ಹುಡುಗಿಯರಿಗೆ ಮುಟ್ಟಿನ ನೋವು ಇವು ಯಾವುವೂ ಬಾಯಿ ಬಿಟ್ಟು ಹೇಳಲಾರದವರಲ್ಲಿ ಹಟದ ವೇಷ ತೊಡುತ್ತವೆ. ವೈದ್ಯರು ನೋಡುವ ಮುನ್ನ ಮಗುವನ್ನು ಮೊಂಡನೆಂದು ತೀರ್ಮಾನಿಸಕೂಡದು.

ಆದರೆ ಶಾಲೆಯಲ್ಲಿ ಕೈ ಕಚ್ಚಿಕೊಳ್ಳುವುದು ನಿಲ್ಲಲಿಲ್ಲ. ಅಲ್ಲಿನ ಉಪಾಧ್ಯಾಯಿನಿ ಒಂದು ನೋಟ್ ಪುಸ್ತಕದಲ್ಲಿ ಮೂರು ಕಲಮುಗಳನ್ನು ಗೆರೆ ಹಾಕಿಕೊಟ್ಟರು: ಮೊದಲು ಏನಾಯಿತು, ಅವನೇನು ಮಾಡಿದ, ಆಮೇಲೆ ಏನಾಯಿತು. ದಿನ, ಹೊತ್ತು, ಜೊತೆಗಿದ್ದವರು ಎಲ್ಲವನ್ನೂ ಬರೆಯಬೇಕು; ‘ಸುಮ್ಮನೆ ಕಚ್ಚಿಕೊಂಡ’ ಎಂದು ಬರೆಯಕೂಡದು. ಎರಡು ವಾರ ಶಾಲೆಯಲ್ಲೂ ಮನೆಯಲ್ಲೂ ಬರೆದರು. ಓದಿ ನೋಡಿದಾಗ ಗುಟ್ಟು ಹೊರಬಿತ್ತು. ಕಚ್ಚಿಕೊಂಡದ್ದೆಲ್ಲ ಬಹುಮಟ್ಟಿಗೆ ಹನ್ನೊಂದರಿಂದ ಹನ್ನೆರಡರೊಳಗೆ, ಅಕ್ಷರ ತಿದ್ದುವ ವೇಳೆಯಲ್ಲಿ. ಕಚ್ಚಿಕೊಂಡ ಕೂಡಲೇ ಅವನನ್ನು ವರಾಂಡಕ್ಕೆ ಕಳಿಸುತ್ತಿದ್ದರು. ಶಾಲೆಯವರು ಅದನ್ನು ಶಿಕ್ಷೆಯೆಂದುಕೊಂಡಿದ್ದರು. ಅವನಿಗೆ ಅದು ಬಿಡುಗಡೆ! ಕಚ್ಚಿಕೊಂಡರೆ ಬರಹ ತಪ್ಪುತ್ತದೆ ಎಂಬ ಪಾಠವನ್ನು ದಿನವೂ ಅವರೇ ಕಲಿಸುತ್ತಿದ್ದರು.

ಹಾಗಾದರೆ ಮನೆಯಲ್ಲಿ ಅಷ್ಟು ಕಚ್ಚಿಕೊಳ್ಳದಿರುವುದೇಕೆ? ಇದಕ್ಕೆ ಉತ್ತರ ಕೊಟ್ಟವರು ದಾವಣಗೆರೆಯಿಂದ ಬಂದು ಮಗಳ ಮನೆಯಲ್ಲಿರುವ ಅಜ್ಜಿ. “ಸಾಕು ಅಂತಾನಲ್ಲ, ಬಿಟ್ಟುಬಿಡ್ತೀನಿ” ಎಂದರು. ಅವನ ಬಾಯಲ್ಲಿ ಅದು ‘ಆಕು’ ಎಂದು ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಶಾಲೆಯಲ್ಲೋ ಎಲ್ಲರೂ ತಮಿಳರು. ಅವರ ‘ಪೋದುಂ’ ಇವನಿಗೆ ಬಾರದು, ಇವನ ‘ಸಾಕು’ ಅವರಿಗೆ ತಿಳಿಯದು. ಹುಡುಗ ಪ್ರತಿದಿನವೂ ಮೊದಲು ಮರ್ಯಾದೆಯಾಗಿಯೇ ‘ಆಕು, ಆಕು’ ಎನ್ನುತ್ತಿದ್ದ, ಅದು ಬರಿಯ ಸದ್ದೆಂದು ಎಲ್ಲರೂ ಬಿಡುತ್ತಿದ್ದರು, ಆಮೇಲೆ ಕಚ್ಚಿಕೊಳ್ಳುತ್ತಿದ್ದ. ಊರು ಬಿಟ್ಟು ಬಂದ ನಮ್ಮಂಥವರ ಮನೆಯ ಮಕ್ಕಳಿಗಲ್ಲದೆ ಇಂಥ ಕಷ್ಟ ಬೇರೆ ಯಾರಿಗೆ ಬಂದೀತು!

ಕಾರಣ ತಿಳಿದ ಮೇಲೆ ಕೆಲಸ ಮೂರು ಭಾಗವಾಯಿತು. ಮೊದಲನೆಯದು ಸನ್ನಿವೇಶವನ್ನು ಹದಗೊಳಿಸುವುದು: ಒಂದು ಪುಟದ ಬದಲು ಎರಡು ಸಾಲು ತಿದ್ದುವುದು, ಫ್ಯಾನಿನ ಕೆಳಗೆ ಕೂರಿಸುವುದು, ಮುಂದೇನೆಂಬುದನ್ನು ಚಿತ್ರದಲ್ಲಿ ತೋರಿಸುವುದು. ಎರಡನೆಯದು ಕಚ್ಚಿಕೊಳ್ಳುವುದಕ್ಕಿಂತ ಸುಲಭವಾದ ಮಾತನ್ನು ಕಲಿಸುವುದು: ಅದೇ ಅಂಗೈಯ ಚೀಟಿ. ಯಾರಿಗೆ ಕೊಟ್ಟರೂ, ಯಾವ ಭಾಷೆಯವರಿಗೆ ಕೊಟ್ಟರೂ ಅದು ‘ಸಾಕು’. ಮೂರನೆಯದು ಆ ಮಾತಿಗೆ ಬೆಲೆ ಕೊಡುವುದು: ಚೀಟಿ ಕೊಟ್ಟ ತಕ್ಷಣ ಎರಡು ನಿಮಿಷ ಬಿಡುವು. ಮೊದಲ ವಾರ ದಿನಕ್ಕೆ ಮೂವತ್ತು ನಲವತ್ತು ಸಲ ಚೀಟಿ ಕೊಟ್ಟನಂತೆ. ಉಪಾಧ್ಯಾಯಿನಿ ಪ್ರತಿಸಲವೂ ಬಿಟ್ಟರು. ನನ್ನ ಮಾತು ನಡೆಯುತ್ತದೆ ಎಂದು ಅವನಿಗೆ ನಂಬಿಕೆ ಹುಟ್ಟಿದ ಮೇಲೆ, ‘ಇನ್ನೊಂದು ಅಕ್ಷರ, ಆಮೇಲೆ ಬಿಡುವು’ ಎಂದು ಸ್ವಲ್ಪಸ್ವಲ್ಪವಾಗಿ ಬೆಳೆಸಿದರು. ಆಕೆ ‘ಸಾಕು’ ಎಂಬ ಕನ್ನಡ ಶಬ್ದವನ್ನೂ ಕಲಿತುಕೊಂಡರು. ನಾಲ್ಕು ತಿಂಗಳಲ್ಲಿ ಕೈಯ ಗಾಯ ಮಾಗಿತು.

ಮನೆಯಲ್ಲೂ ಒಂದು ತಿದ್ದುಪಡಿ ಆಗಬೇಕಾಯಿತು. ಊಟಕ್ಕೆ ಮುಂಚೆ ಬಿಸ್ಕತ್ತಿಗೆ ಅವನು ಗಲಾಟೆ ಮಾಡಿದರೆ ತಾಯಿ ಇಲ್ಲವೆನ್ನುವರು. ಅಜ್ಜಿ ಒಂಬತ್ತು ಸಲ ಸುಮ್ಮನಿದ್ದು ಹತ್ತನೆಯ ಸಲ ಮರುಗಿ ಕೊಡುವರು. ಇದರಿಂದ ಮಗು ಕಲಿಯುವುದು ಹತ್ತು ಸಲ ಗಲಾಟೆ ಮಾಡಬೇಕೆಂಬುದನ್ನೇ. ಎಂದೋ ಒಮ್ಮೆ ಸಿಗುವ ಫಲ ದಿನವೂ ಸಿಗುವ ಫಲಕ್ಕಿಂತ ಅಭ್ಯಾಸವನ್ನು ಗಟ್ಟಿಮಾಡುತ್ತದೆ. ಕೊಡುವುದನ್ನು ನಿಲ್ಲಿಸಿದಾಗ ಗಲಾಟೆ ಕೆಲವು ದಿನ ಹೆಚ್ಚಾಗುವುದೂ ಉಂಟು. ಆಗ ಸೋತರೆ ಮೊದಲಿಗಿಂತ ಕೆಡುಕು. ಆದುದರಿಂದ ಮನೆಯವರೆಲ್ಲ ಒಂದೇ ಮಾತಿನಲ್ಲಿ ನಿಲ್ಲಬೇಕು. ಅಜ್ಜಿ ಒಪ್ಪಿದರು, ಆದರೆ ಒಂದು ನಿಬಂಧನೆಯ ಮೇಲೆ. ಊಟವಾದ ಮೇಲೆ ಅವನು ಕೈನೀಡಿ ಕೇಳಿದರೆ ಬಿಸ್ಕತ್ತನ್ನು ತಾವೇ ಕೊಡತಕ್ಕದ್ದು. ಇದೂ ಶಾಸ್ತ್ರಸಮ್ಮತವೇ: ಬೇಡದ ನಡತೆಗೆ ಕೊಡದಿರುವುದಷ್ಟೇ ಸಾಲದು, ಬೇಕಾದ ನಡತೆಗೆ ಕೂಡಲೇ ಕೊಡಬೇಕು.

ಈ ವಿಧಾನದ ಹಿಂದೆ ದೊಡ್ಡ ಚರಿತ್ರೆಯಿದೆ. ‘ದಂಡಂ ದಶಗುಣಂ’ ಎಂದು ನಂಬಿದವರು ನಮ್ಮ ದೇಶದವರು ಮಾತ್ರವಲ್ಲ. ಅಮೆರಿಕದಲ್ಲಿಯೂ ಇಂಥ ಮಕ್ಕಳನ್ನು ಕಟ್ಟಿಹಾಕುವುದು, ಮುಖಕ್ಕೆ ನೀರೆರಚುವುದು, ವಿದ್ಯುತ್ತಿನ ಆಘಾತ ಕೊಡುವುದು ಚಿಕಿತ್ಸೆಯ ಹೆಸರಿನಲ್ಲಿ ನಡೆದಿತ್ತು. ೧೯೮೨ರಲ್ಲಿ ಬ್ರಯನ್ ಇವಾಟ ಮತ್ತು ಸಂಗಡಿಗರು ತನ್ನನ್ನೇ ನೋಯಿಸಿಕೊಳ್ಳುವ ನಡತೆಗೂ ಒಂದು ಪ್ರಯೋಜನವಿರುವುದನ್ನು, ಅದು ಒಬ್ಬೊಬ್ಬರಲ್ಲಿ ಒಂದೊಂದಾಗಿರುವುದನ್ನು ಕ್ರಮವಾಗಿ ಪರೀಕ್ಷಿಸಿ ತೋರಿಸಿದರು. ೧೯೮೫ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ನಾಲ್ಕು ಮಕ್ಕಳಿಗೆ, ಪಾಠ ಕಷ್ಟವಾದರೆ ಸಹಾಯ ಕೇಳುವುದನ್ನೂ ಗಮನ ಬೇಕಾದರೆ ಅದನ್ನು ಮಾತಿನಲ್ಲಿ ಕೇಳುವುದನ್ನೂ ಕಲಿಸಿದರು. ಉಪದ್ರವ ತಾನಾಗಿ ಇಳಿಯಿತು. ೧೯೯೦ರಲ್ಲಿ ರಾಬರ್ಟ್ ಹಾರ್ನರ್ ಮೊದಲಾದವರು, ನೋಯಿಸದೆ ನಡವಳಿಕೆಗೆ ಆಸರೆ ಕೊಡುವ ಒಂದು ಶಾಸ್ತ್ರ ಬೇಕೆಂದು ವಾದಿಸಿದರು. ೧೯೯೭ರಲ್ಲಿ ಅಮೆರಿಕದ ವಿಶೇಷ ಶಿಕ್ಷಣದ ಕಾನೂನಿನಲ್ಲಿಯೇ ಇದಕ್ಕೆ ಸ್ಥಾನ ದೊರೆಯಿತು.

ನಾವು ನೆಲಸಿರುವ ಈ ಊರು ಇದರಲ್ಲಿ ಹಿಂದೆ ಬಿದ್ದಿಲ್ಲ. ಮದ್ರಾಸಿನಲ್ಲಿ ವಿಜಯ ಹ್ಯೂಮನ್ ಸರ್ವಿಸಸ್ ಸಂಸ್ಥೆಯ ಪಿ. ಜಯಚಂದ್ರನ್ ಮತ್ತು ವಿಮಲಾ ಅವರು ರಚಿಸಿದ ಮೌಲ್ಯಮಾಪನ ಕ್ರಮ ‘ಮದ್ರಾಸ್’ ಹೆಸರಿನಿಂದಲೇ ದೇಶದ ವಿಶೇಷ ಶಾಲೆಗಳಲ್ಲಿ ಪ್ರಸಿದ್ಧವಾಗಿದೆ. ಅದರಲ್ಲಿ ಹದಿನೆಂಟು ವಿಭಾಗಗಳು, ೩೬೦ ಅಂಶಗಳು. ಮಗುವಿಗೆ ಏನು ಬಾರದು ಎಂಬುದರಿಂದಲ್ಲ, ಏನು ಬರುತ್ತದೆ ಎಂಬುದರಿಂದ ಅದು ಆರಂಭಿಸುತ್ತದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿದ್ದಾಗ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ ೧೯೯೨ರಲ್ಲಿ ಭಾರತದ ಮಕ್ಕಳಿಗೆಂದೇ ನಡವಳಿಕೆಯ ಅಳತೆಗೋಲೊಂದನ್ನು ಹೊರತಂದರು. ಅದರ ಮೊದಲ ಭಾಗದಲ್ಲಿ ಕಲಿಯಬೇಕಾದ ೨೮೦ ಕೌಶಲಗಳಿವೆ. ತೊಂದರೆಯ ನಡತೆಗಳಿರುವುದು ಎರಡನೆಯ ಭಾಗದಲ್ಲಿ, ಅದೂ ೭೫ ಮಾತ್ರ. ವೆಂಕಟೇಶನ್ ಅವರು ಮುಂದೆ ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಚೆನ್ನೈಯಲ್ಲಿ ಪೂನಂ ನಟರಾಜನ್ ಅವರು ೧೯೮೫ರಲ್ಲಿ ಆರಂಭಿಸಿದ ಸಂಸ್ಥೆ ಈಗ ಕೋಟ್ಟೂರಪುರದ ‘ವಿದ್ಯಾಸಾಗರ್’. ಮಾತು ಬಾರದ ಮಕ್ಕಳಿಗೆ ಚಿತ್ರ ಮುಟ್ಟಿದರೆ ಧ್ವನಿ ಹೊರಡಿಸುವ ‘ಆವಾಜ್’ ಎಂಬ ಸಾಧನವನ್ನು ಇದೇ ಊರಿನ ಅಜಿತ್ ನಾರಾಯಣನ್ ಅವರು ಆ ಸಂಸ್ಥೆಯ ಮಕ್ಕಳೊಡನೆ ಕೆಲಸ ಮಾಡುತ್ತ ರೂಪಿಸಿದರು. ಪೂರ್ವ ಕರಾವಳಿ ರಸ್ತೆಯ ಮುಟ್ಟುಕಾಡಿನಲ್ಲಿ ಬಹುವಿಧ ವೈಕಲ್ಯವುಳ್ಳವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆ ೨೦೦೫ರಲ್ಲಿ ಸ್ಥಾಪಿತವಾಯಿತು. ನಮ್ಮವರು ಬಹಳ ಮಂದಿ ಇರುವ ತ್ಯಾಗರಾಯನಗರದಲ್ಲಿಯೇ ಮಧುರಂ ನಾರಾಯಣನ್ ಕೇಂದ್ರವು ೧೯೮೯ರಿಂದ ಎಳೆಯ ಮಕ್ಕಳಿಗೆ ತಾಯಂದಿರ ಜೊತೆಯಲ್ಲಿಯೇ ತರಬೇತಿ ಕೊಡುತ್ತ ಬಂದಿದೆ. ನಮ್ಮ ಊರಿಗೆ ಹೋಗಿಬರುವವರು ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಭಾಷೆಯ ಮಾತು ಬಂದುದರಿಂದ ಒಂದು ಮುಖ್ಯ ಸಂಗತಿ. ಈ ತಾಯಿಗೆ ಹಿಂದೆ ಯಾರೋ, “ಮಗುವಿಗೆ ಗೊಂದಲವಾಗುತ್ತದೆ; ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷೊಂದನ್ನೇ ಆಡಿ” ಎಂದಿದ್ದರು. ಹಾಗೆ ಮಾಡಿದ್ದರೆ ಕನ್ನಡವೊಂದೇ ಬಲ್ಲ ಅಜ್ಜಿಯೊಡನೆ ಹುಡುಗನಿಗಿದ್ದ ನಾಲ್ಕು ಮಾತೂ ಹೋಗುತ್ತಿತ್ತು. ಆಟಿಸಂ ಇರುವ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆದರೆ ಅವರ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಈವರೆಗಿನ ಸಂಶೋಧನೆಗಳಲ್ಲಿ ಆಧಾರ ದೊರೆತಿಲ್ಲ. ತಂದೆತಾಯಿಯರು ತಮಗೆ ಸಹಜವಾದ ಭಾಷೆಯಲ್ಲಿಯೇ ಮಗುವಿನೊಡನೆ ಆಡಲಿ. ಆದರೆ ಮಗು ಬಳಸುವ ಹತ್ತಿಪ್ಪತ್ತು ಶಬ್ದಗಳ ಪಟ್ಟಿಯನ್ನು, ತಮಿಳಿನ ಅರ್ಥಸಹಿತ, ಶಾಲೆಗೆ ಬರೆದುಕೊಡಲಿ. ಒಂದು ಕಾಗದದ ಖರ್ಚು; ಒಂದು ಕೈಯ ಗಾಯ ಉಳಿದೀತು.

ಇಷ್ಟೆಲ್ಲ ತೊಂದರೆ ಏಕೆ, ಗದರಿಸಿದರೆ ಸುಮ್ಮನಾಗುತ್ತಾನಲ್ಲ ಎಂದು ಕೇಳುವವರಿದ್ದಾರೆ. ಸುಮ್ಮನಾಗುತ್ತಾನೆ, ನಿಜ, ಹೊಡೆಯುವ ಕೈ ಎದುರಿಗಿರುವ ತನಕ. ಏಟಿನಿಂದ ‘ಸಾಕು’ ಎನ್ನುವುದನ್ನು ಅವನು ಕಲಿಯುವುದಿಲ್ಲ. ದೊಡ್ಡವರು ಚಿಕ್ಕವರನ್ನು ಹೊಡೆಯಬಹುದೆಂಬುದನ್ನು ಕಲಿಯುತ್ತಾನೆ. ಏಳು ವರ್ಷದವನನ್ನು ತಾಯಿ ಎತ್ತಿ ಕೂರಿಸಬಲ್ಲಳು. ಹದಿನೇಳು ವರ್ಷದವನು ತಾಯಿಯನ್ನೇ ಎತ್ತಬಲ್ಲ.

ಇಲ್ಲಿಯೇ ಈ ವಿಷಯದ ಭಾರವೆಲ್ಲ ಇರುವುದು. ಮಾತಿನ ನಡುವೆ ಆ ತಾಯಿ ತಗ್ಗಿದ ದನಿಯಲ್ಲಿ ಹೇಳಿದರು: “ಊರಲ್ಲಾದರೆ ದೊಡ್ಡಪ್ಪ, ಅತ್ತೆ, ದಾಯಾದಿಗಳು ಅಂತ ಯಾರಾದರೂ ಇರ್ತಿದ್ದರು. ಇಲ್ಲಿ ನಾವಿಬ್ಬರೇ. ನಾವು ಹೋದ ಮೇಲೆ ಇವನನ್ನು ಯಾರು ಇಟ್ಟುಕೊಳ್ತಾರೆ? ಕಚ್ಚುವವನನ್ನು ಯಾರೂ ಇಟ್ಟುಕೊಳ್ಳೋಲ್ಲ, ಕಟ್ಟಿಹಾಕ್ತಾರೆ.” ಆಕೆಯ ಭಯ ನಿರಾಧಾರವಾದುದಲ್ಲ. ಇದೇ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ೨೦೦೧ರ ಆಗಸ್ಟ್ ೬ರ ನಸುಕಿನಲ್ಲಿ ಮನೋರೋಗಿಗಳ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ಕಾರಣ ಓಡಲಾರದೆ ೨೮ ಮಂದಿ ಪ್ರಾಣ ಕಳೆದುಕೊಂಡರು. ಅವರನ್ನು ಅಲ್ಲಿ ಬಿಟ್ಟುಬಂದವರೆಲ್ಲ ಕ್ರೂರಿಗಳೇನಲ್ಲ. ಬಹುಮಂದಿ ಬೇರೆ ದಾರಿ ಕಾಣದೆ ದಣಿದ ಮನೆಯವರು. ಒಬ್ಬ ಮನುಷ್ಯ ತನ್ನ ಕೇರಿಯಲ್ಲಿ ಬಾಳುವನೋ, ಬೀಗದ ಹಿಂದೆ ಬಾಳುವನೋ ಎಂಬುದು ಹಲವು ಸಲ ಅವನ ವೈಕಲ್ಯದಿಂದಲ್ಲ, ಅವನ ಕೋಪವನ್ನು ಓದಬಲ್ಲವರು ಪಕ್ಕದಲ್ಲಿದ್ದರೇ ಎಂಬುದರಿಂದ ತೀರ್ಮಾನವಾಗುತ್ತದೆ.

ಕಾನೂನು ಈಗ ಸ್ಪಷ್ಟವಾಗಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಮನೋರೋಗವುಳ್ಳವರನ್ನು ಯಾವ ರೀತಿಯಲ್ಲಿಯೂ ಸರಪಳಿಯಲ್ಲಿ ಬಿಗಿಯಕೂಡದು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ೨೦೧೭ರ ಏಪ್ರಿಲ್ ೧೯ರಿಂದ ಜಾರಿಗೆ ಬಂದು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕ್ರೂರವಾದ, ಅಮಾನುಷವಾದ ನಡೆಸುವಿಕೆಯಿಂದ ರಕ್ಷಣೆ ಕೊಟ್ಟಿದೆ. ಹಿಂಸೆ ನಡೆಯುತ್ತಿದೆಯೆಂದು ಯಾರಿಗೆ ತಿಳಿದರೂ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಸಾರ್ವಜನಿಕವಾಗಿ, ಬೇಕೆಂದೇ ವಿಕಲಚೇತನರನ್ನು ಅವಮಾನಿಸಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸವುಂಟು. ನಮ್ಮ ಸಭಾಂಗಣದ ಮಾತುಗಳನ್ನು ನೆನೆದಾಗ ಇದನ್ನು ಬರೆಯುವ ಕೈ ತುಸು ಅಳುಕುತ್ತದೆ.

ಆದರೂ ಒಂದು ಎಚ್ಚರಿಕೆ ಹೇಳಬೇಕು. ಈ ವಿಧಾನವಿರುವುದು ಮಗುವನ್ನು ನಮಗೆ ಅನುಕೂಲವಾಗುವಂತೆ ಪಳಗಿಸುವುದಕ್ಕಲ್ಲ. ಕೈ ಬೀಸುವುದು, ತೂಗಾಡುವುದು, ಒಂದೇ ಶಬ್ದವನ್ನು ಗುನುಗುವುದು ಇವುಗಳಿಂದ ಯಾರಿಗೂ ಕೇಡಿಲ್ಲ, ಅವನಿಗೆ ನೆಮ್ಮದಿಯಿದೆ. ನೋಡುವವರಿಗೆ ನಾಚಿಕೆಯೆಂಬ ಒಂದೇ ಕಾರಣಕ್ಕೆ ಅವನ್ನು ಬಿಡಿಸುವುದು ಅನ್ಯಾಯ. ಆಟಿಸಂ ಇರುವ, ಬರೆಯಬಲ್ಲ ಹಿರಿಯರು ಅನೇಕರು ತಮ್ಮ ಬಾಲ್ಯದ ತರಬೇತಿಯ ವಿಷಯವಾಗಿ ಈ ಆಕ್ಷೇಪವನ್ನೇ ಎತ್ತಿದ್ದಾರೆ. ಯಾವುದನ್ನು ಬದಲಿಸಬೇಕು ಎಂಬ ಪ್ರಶ್ನೆಗೆ ಅಳತೆ ಒಂದೇ: ಬದಲಾದರೆ ಅವನ ಬದುಕು ಹಗುರವಾಗುವುದೇ? ಅಲ್ಲದೆ ಇದು ಎರಡು ದಿನದ ಕೆಲಸವೂ ಅಲ್ಲ. ಈ ಹುಡುಗನಿಗೆ ಇಂದಿಗೂ ಕೆಟ್ಟ ದಿನಗಳುಂಟು. ದೀಪಾವಳಿಯ ಪಟಾಕಿ, ಅಗ್ನಿನಕ್ಷತ್ರದ ಸೆಕೆಯಲ್ಲಿ ಹೋಗುವ ಕರೆಂಟು ಇವು ಅವನನ್ನು ಈಗಲೂ ಕೆಡಿಸುತ್ತವೆ. ಕಾರಣ ಬಲ್ಲವರಾದುದರಿಂದ ಮನೆಯವರು ಮಾತ್ರ ಮುಂಚಿನಂತೆ ಕೆಡುವುದಿಲ್ಲ.

ಸಂಘದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದೆವು. ಹೆಚ್ಚೇನೂ ಬೇಕಾಗಿರಲಿಲ್ಲ. ಕಾರ್ಯಕ್ರಮದ ಪಟ್ಟಿಯನ್ನು ಎರಡು ದಿನ ಮುಂಚೆ ಆ ಮನೆಗೆ ಕಳಿಸುವುದು; ಬಾಗಿಲ ಬಳಿ ಮೂರು ಕುರ್ಚಿ ಕಾದಿಡುವುದು; ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಜಮಖಾನೆ ಹಾಸಿ, ಸದ್ದಿಲ್ಲದಂತೆ ಬಿಟ್ಟಿರುವುದು; ಧ್ವನಿವರ್ಧಕವನ್ನು ಜನ ಸೇರುವ ಮೊದಲೇ ಪರೀಕ್ಷಿಸುವುದು. ಕೊನೆಯದರಿಂದ ಎಲ್ಲರಿಗೂ ಉಪಕಾರವಾಯಿತೆಂದು ಬೇರೆ ಹೇಳಬೇಕಾಗಿಲ್ಲ!

೨೦೨೫ರ ಯುಗಾದಿಗೆ ಅವರು ಬಂದರು. ಬಾಗಿಲ ಬಳಿ ಕುಳಿತರು. ಪ್ರಾರ್ಥನೆಯಾಗಿ ಪಂಚಾಂಗ ಶ್ರವಣ ಅರ್ಧಕ್ಕೆ ಬಂದಾಗ ಹುಡುಗ ಎದ್ದು, ಪಕ್ಕದಲ್ಲಿದ್ದ ಕಾರ್ಯದರ್ಶಿಯವರ ಕೈಗೆ ತನ್ನ ಚೀಟಿಯನ್ನು ಕೊಟ್ಟ. ಅವರು ಅದನ್ನು ತಿರುಗಿಸಿ ನೋಡಿ, ಎದ್ದು ಬಾಗಿಲು ತೆರೆದರು. ಅವನು ಸಣ್ಣ ಕೋಣೆಗೆ ಹೋಗಿ ಜಮಖಾನೆಯ ಮೇಲೆ ಕುಳಿತ. ಯಾರೂ ತಿರುಗಿ ನೋಡಲಿಲ್ಲ ಎಂದರೆ ಸುಳ್ಳಾದೀತು. ಇಬ್ಬರು ಮೂವರು ನೋಡಿದರು. ಯಾರೂ ಏನೂ ಅನ್ನಲಿಲ್ಲ. ಒಬ್ಬಟ್ಟಿನ ಊಟಕ್ಕೆ ಎಲೆ ಹಾಕಿದಾಗ ತಾನಾಗಿಯೇ ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತ. ಮೂರನೆಯ ಒಬ್ಬಟ್ಟು ಬಡಿಸಹೋದವರಿಗೆ ಅಂಗೈ ಎತ್ತಿ ತೋರಿಸಿ, ‘ಆಕು’ ಎಂದ. ನಮ್ಮ ಪಂಕ್ತಿಯಲ್ಲಿ ಅದಕ್ಕೆ ಅರ್ಥ ಹೇಳುವವರು ಬೇಕಾಗಲಿಲ್ಲ.

ನಮ್ಮ ವಾಚಕರ ಮನೆಗಳಲ್ಲಿ, ನೆರೆಯಲ್ಲಿ, ಸಭೆಗೆ ಬರುವುದನ್ನು ನಿಲ್ಲಿಸಿದ ಇಂಥ ಕುಟುಂಬಗಳು ಇನ್ನೂ ಇರಬಹುದು. ಅವರಿಗೆ ಆಹ್ವಾನಪತ್ರವಷ್ಟೇ ಸಾಲದು. ಹೋಗಿ, “ನಿಮ್ಮ ಮಗುವಿಗೆ ಏನಿದ್ದರೆ ಅನುಕೂಲ?” ಎಂದು ಕೇಳೋಣ. ಕುರ್ಚಿಗಳನ್ನು ಬಾಗಿಲ ಬಳಿ ಹಾಕಿಡೋಣ.